ಒದ್ದೆ ಬೋರ್ಡಿನ ಷರಾ

ಶಿಕ್ಷಕರ ಕೋಣೆಯ ಬಾಗಿಲು ತೆರೆಯಲು ಹೋದಾಗ ಮಾಯ್ರೆಗೆ ತನ್ನ ಕೈಯಲ್ಲಿ ಸ್ಪಂಜು ಇನ್ನೂ ಇರುವುದು ಗೊತ್ತಾಯಿತು. ಏಳನೇ ತರಗತಿಯಿಂದ ಇಲ್ಲಿಯವರೆಗೆ, ಉದ್ದನೆಯ ಕಾರಿಡಾರು, ಮೆಟ್ಟಿಲು, ಮತ್ತೆ ಕಾರಿಡಾರು, ಅಷ್ಟು ದೂರವೂ ಅದನ್ನು ಎಳೆಗೂಸಿನ ಹಾಗೆ ಎದೆಗೆ ಅವಚಿಕೊಂಡು ಬಂದಿದ್ದಳು. ಸ್ವೆಟರಿನ ಮುಂಭಾಗ ನೆನೆದು ಮೈಗೆ ಅಂಟಿತ್ತು. ದಾರಿಯಲ್ಲಿ ಎದುರಾದ ಮಕ್ಕಳು ನಮಸ್ಕಾರ ಟೀಚರ್ ಅಂದಿದ್ದರು, ಅವಳೂ ತಲೆಯಾಡಿಸಿದ್ದಳು. ಅವರೆಲ್ಲ ಸ್ಪಂಜನ್ನು ನೋಡಿಯೇ ಇರುತ್ತಾರೆ. ಬಾಗಿಲ ಪಕ್ಕದ ಕಸದ ಬುಟ್ಟಿಗೆ ಅದನ್ನು ಹಾಕಲು ಬಗ್ಗಿದಳು, ಯಾಕೋ ಹಾಕಲಿಲ್ಲ, ಕಿಟಕಿಯ ಕಟ್ಟೆಯ ಮೇಲೆ ಒಂದು ಕುಂಡದ ಹಿಂದೆ ಇಟ್ಟಳು. ಇಟ್ಟ ಮೇಲೆ ಕಳ್ಳಮಾಲು ಬಚ್ಚಿಟ್ಟವಳಂತೆ ಅತ್ತಿತ್ತ ನೋಡಿದಳು. ಯಾರೂ ಇರಲಿಲ್ಲ. ಇದ್ದಿದ್ದರೂ ಯಾರೂ ಏನೂ ಕೇಳುತ್ತಿರಲಿಲ್ಲ. ಈ ಊರಿನಲ್ಲಿ ಒಬ್ಬರ ಮೈ ಒದ್ದೆಯಾಗಿದ್ದರೆ ಇನ್ನೊಬ್ಬರು ಕಿಟಕಿಯ ಹೊರಗೆ ನೋಡುತ್ತಾರೆ, ಅದೇ ಇಲ್ಲಿನ ಮರ್ಯಾದೆ.

ಆಗಿದ್ದಾದರೂ ಏನು? ಏನೂ ಅಲ್ಲ. ಮೂರನೆಯ ಪಿರಿಯಡ್ಡು, ಭೂಗೋಳ. ಗೋಡೆಯ ಸ್ಮಾರ್ಟ್ ಬೋರ್ಡಿನ ತುಂಬ ಎಸ್ಟೋನಿಯಾದ ನಕಾಶೆ, ಬಲಗಡೆ ಅಂಚಿನಲ್ಲಿ ಪೇಯ್ಪ್ಸಿ ಸರೋವರ. ಸರೋವರಕ್ಕೆ ಸೇರುವ ನದಿಯೊಂದನ್ನು ಬೆರಳಿನಿಂದ ಎಳೆದು ತೋರಿಸಲು ಹೋದಳು, ಗೆರೆ ಕೈತಪ್ಪಿ ಸೀದಾ ರಷ್ಯಾದೊಳಗೆ ನುಗ್ಗಿತು. ಅಳಿಸುವ ಗುರುತಿನ ಮೇಲೆ ಒತ್ತಿದಳು. ಬೋರ್ಡು ಜಪ್ಪಯ್ಯ ಅನ್ನಲಿಲ್ಲ. ಇನ್ನೊಮ್ಮೆ ಒತ್ತಿದಳು. ಆಮೇಲೆ ನಡೆದದ್ದು ಅವಳು ಮಾಡಿದ್ದಲ್ಲ, ಅವಳ ಕೈ ಮಾಡಿದ್ದು. ಮೂವತ್ತು ವರ್ಷಕ್ಕೂ ಮೇಲೆ ಸೀಮೆಸುಣ್ಣ ಒರೆಸಿದ ಆ ಕೈ ತನ್ನಷ್ಟಕ್ಕೆ ತಾನೇ ಕಿಟಕಿಯ ಕಡೆ ಹೋಗಿ, ಗಿಡದ ಎಲೆಗಳ ಧೂಳು ತೆಗೆಯಲು ಇಟ್ಟಿದ್ದ ನೀರಿನ ಬಟ್ಟಲಿನಿಂದ ಸ್ಪಂಜನ್ನು ಎತ್ತಿಕೊಂಡು ಬಂದು ಗೆರೆಯನ್ನು, ಸರೋವರವನ್ನು, ಅರ್ಧ ದೇಶವನ್ನು ತಿಕ್ಕಿ ತಿಕ್ಕಿ ಒರೆಸಿತು. ಗಾಜಿನ ಮೇಲೆ ನೀರು ಇಳಿಯಿತು. ಇಳಿಯುವ ಒಂದೊಂದು ಹನಿಯನ್ನೂ ಬೋರ್ಡು ಯಾರದೋ ಬೆರಳೆಂದು ತಿಳಿದು ದೆವ್ವ ಹಿಡಿದಂತೆ ಕುಣಿಯತೊಡಗಿತು. ನಕಾಶೆ ತಲೆಕೆಳಗಾಯಿತು, ಹೋದ ವಾರದ ಪ್ರಶ್ನೆಪತ್ರಿಕೆ ತೆರೆದು ಮುಚ್ಚಿ ತೆರೆಯಿತು, ಎಲ್ಲಿಂದಲೋ ಒಂದು ಸೀಲ್ ಮರಿಯ ವೀಡಿಯೊ ಬಂದು ಅರ್ಧದಿಂದ ಕಿರುಚತೊಡಗಿತು. ತರಗತಿ ಗೊಳ್ಳೆಂದು ನಕ್ಕಿತು. ನಗಲಿ, ಹದಿಮೂರರ ಮಕ್ಕಳು ಅದಕ್ಕೆ ನಗದೆ ಇನ್ನಾವುದಕ್ಕೆ ನಗಬೇಕು? ಅವಳಿಗೂ ನಗು ಬರುವುದರಲ್ಲಿತ್ತು. ಅಷ್ಟರಲ್ಲಿ ಮೊದಲ ಬೆಂಚಿನ ಮಿರ್ತೆಲ್ ಎದ್ದು ಬಂದು ಅವಳ ಮೊಣಕೈಯನ್ನು ಮೆಲ್ಲಗೆ ಹಿಡಿದುಕೊಂಡಳು.

"ಬಿಡಿ ಟೀಚರ್. ನೀವು ಕೂತ್ಕೊಳ್ಳಿ. ಅದು ಒಣಗಿದ್ರೆ ತಾನೇ ಸರಿಹೋಗುತ್ತೆ."

ಆ ದನಿ. ನಗುವಿನ ಲವಲೇಶವೂ ಇಲ್ಲದ, ಮೆತ್ತಗಿನ, ಸ್ವಲ್ಪ ಜೋರಾಗಿ ಹೇಳಿದ ಮಾತು. ಕಿವಿ ಮಂದವಾದವರಿಗೆ, ಮರೆವು ಬಂದವರಿಗೆ ಹೇಳುವ ಹಾಗೆ. ಮಾಯ್ರೆಗೆ ಆ ದನಿ ಚೆನ್ನಾಗಿ ಗೊತ್ತು. ವೃದ್ಧಾಶ್ರಮದಲ್ಲಿ ಟೀವಿಯ ರಿಮೋಟನ್ನು ಕಿವಿಗೆ ಹಿಡಿದುಕೊಂಡು ಹಲೋ ಹಲೋ ಎನ್ನುತ್ತಿದ್ದ ಅಮ್ಮನ ಕೈಯಿಂದ ಅದನ್ನು ಬಿಡಿಸಿಕೊಳ್ಳುವಾಗ ತನ್ನ ಬಾಯಿಂದ ಬರುತ್ತಿದ್ದದ್ದು ಅದೇ ದನಿ. ಬಿಡಮ್ಮ, ನೀನು ಕೂತ್ಕೊ, ನಾನು ಮಾಡ್ತೀನಿ. ಅಮ್ಮ ಆಗ ತಲೆ ಎತ್ತಿ ನೋಡುತ್ತಿದ್ದ ನೋಟದ ಅರ್ಥ ಅವಳಿಗೆ ಆವತ್ತು ಹೊಳೆದಿರಲಿಲ್ಲ. ಇವತ್ತು, ಒದ್ದೆ ಬೋರ್ಡಿನ ಮುಂದೆ, ಮೊಣಕೈಯ ಮೇಲೆ ಒಂದು ಪುಟ್ಟ ಬೆಚ್ಚನೆಯ ಕೈ ಇದ್ದಾಗ, ಹೊಳೆಯಿತು. ತರಗತಿಯ ನಗುವನ್ನಾದರೂ ಅವಳು ನುಂಗಿಕೊಳ್ಳುತ್ತಿದ್ದಳು. ಈ ಕರುಣೆಯನ್ನು ನುಂಗಲು ಆಗಲಿಲ್ಲ. ಹೋಗಿ ಮೇಜಿನ ಮುಂದೆ ಕೂತಳು, ಕಂಪ್ಯೂಟರಿನಲ್ಲಿ ಇ-ಡೈರಿ ತೆರೆದಳು, ಮಿರ್ತೆಲಳ ಹೆಸರಿನ ಎದುರು ಷರಾ ಎಂಬ ಜಾಗದಲ್ಲಿ ಟೈಪು ಮಾಡಿದಳು: ಪಾಠಕ್ಕೆ ಅಡ್ಡಿ ಮಾಡಿದಳು. ಶಿಕ್ಷಕಿಯನ್ನು ಎಲ್ಲರೆದುರು ಅಣಕಿಸಿದಳು. ತರಗತಿ ಗಪ್‌ಚಿಪ್ಪಾಯಿತು. ಹೆದರಿದರು ಅಂದುಕೊಂಡಳು, ಒಳಗೊಳಗೇ ಒಂದು ಬಗೆಯ ಖುಷಿಯೂ ಆಯಿತು. 'ಉಳಿಸು' ಒತ್ತಿ ತಲೆ ಎತ್ತಿದರೆ ಮಕ್ಕಳೆಲ್ಲ ನೋಡುತ್ತಿದ್ದದ್ದು ಅವಳನ್ನಲ್ಲ, ಅವಳ ಹಿಂದಿನ ಬೋರ್ಡನ್ನು. ಕಂಪ್ಯೂಟರಿನಲ್ಲಿ ಇದ್ದದ್ದೆಲ್ಲ ಬೋರ್ಡಿನ ಮೇಲೂ ಮೂಡುತ್ತದೆ ಎಂಬುದು ಅವಳಿಗೆ ಗೊತ್ತಿಲ್ಲದ ವಿಷಯವೇನಲ್ಲ. ಒಂದೊಂದು ಅಕ್ಷರ ಹುಟ್ಟುವುದನ್ನೂ ಅವರು ಓದಿಕೊಂಡು ಬಂದಿದ್ದರು. ಈಗ ಆ ಎರಡು ವಾಕ್ಯಗಳು ನೀರಿನ ಪಸೆಯ ಹಿಂದೆ ಆಳೆತ್ತರಕ್ಕೆ ನಿಂತಿದ್ದವು. ಬಾಗಿಲ ಬಳಿ, ಮಕ್ಕಳು ಪಾಠದ ಹೊತ್ತಿನಲ್ಲಿ ಫೋನುಗಳನ್ನು ಹಾಕಿಡುವ ಬಟ್ಟೆಯ ಜೇಬುಗಳಲ್ಲಿ ಒಂದು ಗುರ್ರೆಂದಿತು. ಮಿರ್ತೆಲ್ ಅದರ ಕಡೆ ತಿರುಗಲಿಲ್ಲ. ತನ್ನ ಜಾಗಕ್ಕೆ ಹೋಗಿ ಪೆನ್ಸಿಲುಗಳನ್ನು ಒಂದರ ಪಕ್ಕ ಒಂದು ಜೋಡಿಸತೊಡಗಿದಳು.

ಡೈರಿಯಲ್ಲಿ ಷರಾ ಬಿದ್ದ ಸುದ್ದಿ ಇಲ್ಲಿ ಗುರ್ರೆಂದ ಹಾಗೆ ಅಮ್ಮನ ಫೋನಿನಲ್ಲೂ ಗುರ್ರೆಂದಿರುತ್ತದೆ. ಕೊಲ್ಲಿಯ ಆಚೆ, ಫಿನ್ಲೆಂಡಿನಲ್ಲಿ, ಯಾವುದೋ ಆಸ್ಪತ್ರೆಯಲ್ಲಿ ಕೆಲಸದ ಅಂಗಿಯ ಜೇಬಿನೊಳಗೆ. ಮಿರ್ತೆಲಳ ಅಮ್ಮ ಯಾನಿಕಾ ಸೆಪ್ಟೆಂಬರಿನಲ್ಲಿ ಪೋಷಕರ ಸಭೆಗೆಂದು ಹಡಗಿನಲ್ಲಿ ಬಂದಿದ್ದಳು. ತೆಳ್ಳಗಿನ ಹೆಂಗಸು, ಕೋಟು ಬಿಚ್ಚದೆ ಕುರ್ಚಿಯ ತುದಿಯಲ್ಲಿ ಕೂತಿದ್ದಳು, ಸಭೆ ಮುಗಿದ ಮೇಲೂ ಎದ್ದಿರಲಿಲ್ಲ. "ನನಗೆ ಮಗಳು ಕಾಣೋದು ಈ ಡೈರಿಯಲ್ಲೇ ಟೀಚರ್," ಅಂದಿದ್ದಳು, ಅಂದು ತಾನೇ ನಾಚಿಕೊಂಡಿದ್ದಳು. "ಪಾಳಿ ಮುಗಿಸಿ ಬಸ್ಸಲ್ಲಿ ಕೂತು ಅದನ್ನೇ ಓದ್ತೀನಿ. ಇವತ್ತು ಏನು ಪಾಠ, ಎಷ್ಟು ಅಂಕ, ಮನೆಕೆಲಸ ಏನು. ಅಜ್ಜಿಗೆ ವಯಸ್ಸಾಯ್ತು, ಅವರ ಕೈಲಿ ಇವಳನ್ನ ಸಂಭಾಳಿಸೋಕೆ ಆಗುತ್ತೋ ಇಲ್ವೋ. ಸ್ಕೂಲಿಂದ ಒಂದು ದೂರು ಬಂದ್ರೂ ಸಾಕು, ನಾನು ಅವಳನ್ನ ಅಲ್ಲಿಗೇ ಕರ್ಕೊಂಡು ಹೋಗಿಬಿಡ್ತೀನಿ. ಅವಳಿಗೂ ಹೇಳಿದೀನಿ." ಮಿರ್ತೆಲ್ ಆಗ ಕಾರಿಡಾರಿನಲ್ಲಿ ಅಮ್ಮನ ಚೀಲ ಹಿಡಿದುಕೊಂಡು ನಿಂತಿದ್ದಳು. ದೂರು ಯಾಕೆ ಬರುತ್ತೆ, ಹುಡುಗಿ ಬಂಗಾರ ಅನ್ನಬೇಕಿತ್ತು ಮಾಯ್ರೆ. ಅನ್ನಲಿಲ್ಲ, ಈ ಕಡೆಯವರ ಬಾಯಲ್ಲಿ ಅಂಥ ಮಾತು ಸಲೀಸಾಗಿ ಬರುವುದಿಲ್ಲ. ಪರವಾಗಿಲ್ಲ, ಓದುತ್ತಾಳೆ, ಅಂದಿದ್ದಳು. ಆ ಹೆಂಗಸಿಗೆ ಅಷ್ಟರಿಂದಲೇ ಕಣ್ಣು ತುಂಬಿ ಬಂದಿತ್ತು.

ಶಿಕ್ಷಕರ ಕೋಣೆಯ ಮೂಲೆಯ ಕಂಪ್ಯೂಟರಿನಲ್ಲಿ ಅವಳು ಡೈರಿಯನ್ನು ಮತ್ತೆ ತೆರೆದಳು. ಪ್ರತಿ ಷರಾದ ಪಕ್ಕ ಒಂದು ಪುಟ್ಟ ಕಣ್ಣಿನ ಗುರುತು. ಪೋಷಕರು ನೋಡದಿದ್ದರೆ ಬೂದು, ನೋಡಿದರೆ ನೀಲಿ. ಮಿರ್ತೆಲಳ ಷರಾದ ಪಕ್ಕ ನೀಲಿ ಕಣ್ಣು ಅವಳನ್ನೇ ನೋಡುತ್ತಿತ್ತು. ಅವಳು ಸ್ಪಂಜು ಹಿಡಿದುಕೊಂಡು ಮೆಟ್ಟಿಲು ಹತ್ತುವಷ್ಟರಲ್ಲಿ ಸುದ್ದಿ ಸಮುದ್ರ ದಾಟಿ ಓದಿಸಿಕೊಂಡೂ ಆಗಿತ್ತು. ಅವಳು ಶಾಲೆಗೆ ಹೋಗುವ ಕಾಲದಲ್ಲಿ ಷರಾ ಬರೆಯುತ್ತಿದ್ದದ್ದು ಕಾಗದದ ಡೈರಿಯಲ್ಲಿ, ಕೆಂಪು ಶಾಯಿಯಲ್ಲಿ; ಅಪ್ಪ ಅದಕ್ಕೆ ರುಜು ಹಾಕುತ್ತಿದ್ದದ್ದು ಶನಿವಾರ. ಸೋಮವಾರ ಮಾಡಿದ ತಪ್ಪಿಗೆ ಮಂಗಳ, ಬುಧ, ಗುರು, ಶುಕ್ರ ಎಂದು ದಿನಗಳಿರುತ್ತಿದ್ದವು. ಅಷ್ಟರಲ್ಲಿ ಸೌದೆ ಒಡೆದು ಹಾಕಬಹುದಿತ್ತು, ಹಸುವಿಗೆ ಹುಲ್ಲು ಹಾಕಬಹುದಿತ್ತು, ಒಳ್ಳೆಯವಳಾಗಬಹುದಿತ್ತು. ಶನಿವಾರ ಸಂಜೆ ಅಪ್ಪ ಸೌನಾದ ಬಿಸಿಹಬೆಯಲ್ಲಿ ಬೆವರಿ, ಮಿಂದು, ಮೈಯೆಲ್ಲ ಕೆಂಪಗೆ ಮಾಡಿಕೊಂಡು ಬಂದು ಬಿಯರಿನ ಲೋಟದ ಪಕ್ಕ ಡೈರಿಯನ್ನು ಬಿಡಿಸಿಕೊಂಡು ಕೂರುವ ಹೊತ್ತಿಗೆ ಅವನಲ್ಲಿ ಸಿಟ್ಟೆಂಬುದೇ ಉಳಿದಿರುತ್ತಿರಲಿಲ್ಲ. ಹೂಂ, ಅಂತಿದ್ದ. ರುಜು ಹಾಕುತ್ತಿದ್ದ. ತಪ್ಪಿಗೂ ಅಪ್ಪನಿಗೂ ನಡುವೆ ಒಂದಿಷ್ಟು ದಾರಿ ಇತ್ತು ಆಗ, ನಡೆದುಕೊಂಡು ಹೋಗುವಷ್ಟು ದಾರಿ.

"ಬೋರ್ಡಿಗೆ ಸ್ನಾನ ಮಾಡಿಸಿದ್ರಂತೆ?" ತಾವೆತ್ ಕಾಫಿಯ ಲೋಟ ಹಿಡಿದು ಒಳಗೆ ಬಂದ. ಶಾಲೆಯ ಕಂಪ್ಯೂಟರು, ಬೋರ್ಡು, ಟ್ಯಾಬ್ಲೆಟ್ಟುಗಳನ್ನೆಲ್ಲ ನೋಡಿಕೊಳ್ಳುವ, ಶಿಕ್ಷಕರಿಗೆ ಅವುಗಳ ಪಾಠ ಹೇಳಿಕೊಡುವ ಯುವಕ. ಒಂದು ಕಾಲದಲ್ಲಿ ಮಾಯ್ರೆಯ ಶಿಷ್ಯನೇ. "ಹೆದರಬೇಡಿ, ಒರೆಸಿ ಬಂದೆ. ಏನೂ ಆಗಿಲ್ಲ ಅದಕ್ಕೆ. ಮೈ ಕೊಳೆಯಾಗಿತ್ತು ಪಾಪ, ಫಳಫಳ ಹೊಳೀತಿದೆ ಈಗ."

ಅವನ ತಮಾಷೆಯಲ್ಲಿ ವಿಷವಿರಲಿಲ್ಲ. ಆದರೂ ಅವಳ ಕಿವಿ ಬಿಸಿಯಾಯಿತು. ಅಂದರೆ ಆಗಲೇ ಸುದ್ದಿ ಶಾಲೆಯೆಲ್ಲ ಸುತ್ತಿಬಂದಿದೆ. ಇವನನ್ನು ಹತ್ತನೇ ವಯಸ್ಸಿನಲ್ಲಿ ನಕಾಶೆಯ ಮುಂದೆ ನಿಲ್ಲಿಸಿ ಉತ್ತರ ಯಾವುದು ದಕ್ಷಿಣ ಯಾವುದು ಎಂದು ಕೇಳಿ ಅಳಿಸಿದ್ದು ನೆನಪಾಯಿತು. ಇವನಿಗೂ ನೆನಪಿದೆಯೋ ಏನೋ.

"ತಾವೆತ್, ಒಂದು ಷರಾ ಅಳಿಸ್ಬೇಕಿತ್ತು," ಅಂದಳು, ಆದಷ್ಟು ತಾತ್ಸಾರದ ದನಿಯಲ್ಲಿ.

"ಅಳಿಸಿ. ಅಲ್ಲೇ ಬುಟ್ಟಿಯ ಗುರುತು ಇದೆಯಲ್ಲ, ಒತ್ತಿದ್ರೆ ಆಯ್ತು."

"ಒತ್ತಿದ್ರೆ ಹೋಗಿಬಿಡುತ್ತಾ?"

ಅವನು ಅವಳ ಹೆಗಲ ಮೇಲಿಂದ ಬಗ್ಗಿ ಪರದೆ ನೋಡಿದ. ಓದಿದ. ಓದಲಿಲ್ಲವೆಂಬಂತೆ ಹಿಂದೆ ಸರಿದ. "ಡೈರಿಯಿಂದ ಹೋಗುತ್ತೆ. ಆದ್ರೆ ಕಣ್ಣು ನೀಲಿ ಆಗಿದೆ ನೋಡಿ, ಅಮ್ಮ ಓದಿಯಾಯ್ತು. ಅವರ ತಲೆಯಿಂದ ಅಳಿಸೋಕೆ ಇನ್ನೂ ಗುಂಡಿ ಕಂಡುಹಿಡಿದಿಲ್ಲ. ಕಂಡುಹಿಡಿದ್ರೆ ಮೊದಲು ನಿಮಗೇ ಹೇಳ್ತೀನಿ." ಕಾಫಿ ಗುಟುಕರಿಸಿದ. "ಬೇಕಾದ್ರೆ ಪಕ್ಕದಲ್ಲಿ ಒಂದು ಮೆಚ್ಚುಗೆ ಹಾಕಿಬಿಡಿ. ಆ ಹಸಿರು ಗುಂಡಿ. ಲೆಕ್ಕ ಚುಕ್ತಾ ಆಗುತ್ತೆ."

ಹಸಿರು ಗುಂಡಿಯನ್ನು ಅವಳು ಈ ವರ್ಷ ಒಮ್ಮೆಯೂ ಒತ್ತಿರಲಿಲ್ಲ. ಈಗ ಒತ್ತಿದಳು. ಖಾಲಿ ಜಾಗ ತೆರೆಯಿತು. ಮಿರ್ತೆಲ್ ಇಂದು, ಎಂದು ಬರೆದಳು. ಇಂದು ಏನು? ಶಿಕ್ಷಕಿಗೆ ಸಹಾಯ ಮಾಡಿದಳು. ಮೇಲಿನ ಸಾಲಿನಲ್ಲಿ ಅಣಕಿಸಿದಳು, ಕೆಳಗಿನ ಸಾಲಿನಲ್ಲಿ ಸಹಾಯ ಮಾಡಿದಳು, ಒಂದೇ ತಾರೀಖು, ಒಂದೇ ಪಿರಿಯಡ್ಡು. ಈ ಟೀಚರಿಗೆ ತಲೆ ಕೆಟ್ಟಿದೆ ಅಂದುಕೊಳ್ಳುವುದಿಲ್ಲವೇ ಆ ಹೆಂಗಸು? ಅಳಿಸಿದಳು. ಬುಟ್ಟಿಯ ಮೇಲೆ ಬೆರಳಿಟ್ಟಳು, ತೆಗೆದಳು. ಸುಮ್ಮನೆ ಅಳಿಸಿಬಿಟ್ಟರೆ ಅದು ಇನ್ನೂ ನೀಚತನ. ಗುಂಡಿಟ್ಟು ಹೊಡೆದು ಬಂದೂಕು ತೊಳೆದಿಟ್ಟ ಹಾಗೆ. ಹೇಳಬೇಕು. ಬಾಯಿಬಿಟ್ಟು, ತಪ್ಪು ನನ್ನದು, ನಿಮ್ಮ ಮಗಳು ಏನೂ ಮಾಡಲಿಲ್ಲ, ನಾನು ಮುದುಕಿಯಾದೆ ಎಂದು ಅವಳು ನನಗೆ ನೆನಪಿಸಿದಳು ಅಷ್ಟೆ, ಎಂದು ಹೇಳಬೇಕು. ಕೊನೆಯ ಮಾತನ್ನು ಹೇಳಬೇಕಾಗಿಲ್ಲ. ಫೋನು ತೆಗೆದು ಯಾನಿಕಾಳ ನಂಬರು ಹುಡುಕಿ ಕಾರಿಡಾರಿನ ತುದಿಗೆ ಹೋದಳು. ಒತ್ತಿದಳು. ಕಾರ್ಯನಿರತ.

ಯಾರ ಜೊತೆ ಮಾತಾಡುತ್ತಿದ್ದಾಳೆ? ಮುಖ್ಯೋಪಾಧ್ಯಾಯಿನಿಯ ಜೊತೆ. ಇಲ್ಲ, ಅಜ್ಜಿಯ ಜೊತೆ. ಅವಳ ಬಟ್ಟೆಬರೆ ಕಟ್ಟಿಡು ಎಂದು ಹೇಳುತ್ತಿದ್ದಾಳೆ. ಮಾಯ್ರೆ ಕಿಟಕಿಯ ಬಳಿ ನಿಂತಳು. ಹೊರಗೆ ನವೆಂಬರು, ಮಧ್ಯಾಹ್ನಕ್ಕೇ ಮುಸ್ಸಂಜೆ ಕವಿದ ಹಾಗೆ. ಮಿರ್ತೆಲ್ ಫಿನ್ಲೆಂಡಿನ ಯಾವುದೋ ಶಾಲೆಯ ಕೊನೆಯ ಬೆಂಚಿನಲ್ಲಿ, ಭಾಷೆ ಅರ್ಧಂಬರ್ಧ ತಿಳಿದು, ಪೆನ್ಸಿಲುಗಳನ್ನು ಒಂದರ ಪಕ್ಕ ಒಂದು ಜೋಡಿಸುತ್ತಾ ಕೂತಂತೆ ಕಂಡಳು. ಒಂದು ಹುಡುಗಿಯನ್ನು ಊರಿನಿಂದ ಕಿತ್ತು ಆಚೆ ದಡಕ್ಕೆ ಎಸೆಯಲು ಎರಡು ವಾಕ್ಯ ಸಾಕಾಯಿತಲ್ಲ, ಅದೂ ಒಂದು ಒದ್ದೆ ಗಾಜಿನ ಕಾರಣಕ್ಕೆ. ಮತ್ತೆ ಒತ್ತಿದಳು. ಮತ್ತೆ ಕಾರ್ಯನಿರತ.

ಊಟದ ಮನೆಗೆ ಇಳಿದದ್ದು ಹಸಿವಿನಿಂದಲ್ಲ, ಹುಡುಗಿಯನ್ನು ನೋಡಲು. ಏಳನೇ ತರಗತಿಯ ಮೇಜಿನಲ್ಲಿ ಬಟಾಣಿ ಸೂಪು, ಕಪ್ಪು ಬ್ರೆಡ್ಡು, ಗಲಾಟೆ ಎಲ್ಲ ಇತ್ತು, ಮಿರ್ತೆಲ್ ಇರಲಿಲ್ಲ. ಅವಳ ತಟ್ಟೆಯಲ್ಲಿ ಸೂಪು ಆರಿ ಕೆನೆಗಟ್ಟಿತ್ತು. ಮಾಯ್ರೆಯನ್ನು ನೋಡುತ್ತಲೇ ಮಕ್ಕಳ ಮಾತು ನಿಂತಿತು. "ಮಿರ್ತೆಲ್ ಎಲ್ಲಿ?" ಎಂದು ಕೇಳಿದಳು. ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಹೊರಗೆ ಹೋದ್ಲು ಟೀಚರ್, ಫೋನ್ ತಗೊಂಡು," ಅಂದಳು ಒಬ್ಬಳು. ಇನ್ನೊಬ್ಬಳು ಸಣ್ಣ ದನಿಯಲ್ಲಿ, "ಅಳ್ತಿದ್ಲು ಅನ್ಸುತ್ತೆ," ಎಂದು ಸೇರಿಸಿದಳು, ಹೇಳಬಾರದಿತ್ತೇನೋ ಎಂಬಂತೆ ಬ್ರೆಡ್ಡಿಗೆ ಬಾಯಿ ಹಾಕಿದಳು. ಮಾಯ್ರೆ ಹುಡುಗಿಯರ ಶೌಚಾಲಯದ ಬಾಗಿಲವರೆಗೆ ಹೋಗಿ, ಒಳಗೆ ಕಿವಿಗೊಟ್ಟು, ತನ್ನ ಈ ಅವಸ್ಥೆಗೆ ತಾನೇ ನಾಚಿ ವಾಪಸು ಬಂದಳು. ಗಂಟೆ ಹೊಡೆಯಿತು. ಐದನೇ ತರಗತಿಯವರಿಗೆ ಮೋಡಗಳ ಪಾಠ. ಟ್ಯಾಬ್ಲೆಟ್ಟುಗಳನ್ನು ತೆಗೆದುಕೊಳ್ಳಿ ಅಂದಳು, ಅವರು ತೆಗೆದುಕೊಂಡರು, ಮೋಡದ ಚಿತ್ರಗಳಿಗೆ ಹೆಸರು ಹೊಂದಿಸುವ ಆಟ. ತಪ್ಪಾದರೆ ಟುಸ್ಸೆಂಬ ಸದ್ದು, ಸರಿಯಾದರೆ ನಕ್ಷತ್ರ. ತಪ್ಪು ಮಾಡಿದ ಮಗು ಅಲ್ಲೇ, ಆ ಕ್ಷಣವೇ, ಇನ್ನೊಮ್ಮೆ ಪ್ರಯತ್ನಿಸಬಹುದಿತ್ತು. ಟುಸ್, ಟುಸ್, ನಕ್ಷತ್ರ. ಅವಳು ಬೆಂಚುಗಳ ನಡುವೆ ಅಡ್ಡಾಡಿದಳು, ಕೂತಳು, ಎದ್ದಳು. ಕ್ಷಮಿಸು ಎಂಬ ಮಾತನ್ನು ಬಾಯೊಳಗೆ ತಿರುಗಿಸಿ ನೋಡಿದಳು. ಶಿಷ್ಯರ ಹತ್ತಿರ ಅವಳು ಆ ಮಾತನ್ನು ಯಾವತ್ತೂ ಆಡಿದವಳಲ್ಲ. ಗಂಡ ಬಿಟ್ಟುಹೋದಾಗ ಅವನು ಬಾಗಿಲಲ್ಲಿ ನಿಂತು ಅದನ್ನು ಹೇಳಿದ್ದ, ಪಾದರಕ್ಷೆ ಹಾಕಿಕೊಳ್ಳುತ್ತಾ, ಹೊತ್ತಾಯಿತು ಎನ್ನುವಷ್ಟೇ ಸುಲಭವಾಗಿ. ಅಂದಿನಿಂದ ಆ ಮಾತಿನ ಮೇಲೇ ಅವಳಿಗೆ ಒಂದು ಬಗೆಯ ಅಸಹ್ಯ.

ಕೊನೆಯ ಗಂಟೆಯಾದದ್ದೇ ಅವಳು ಕೆಳಗಿಳಿದಳು. ಕೋಟು ತೂಗುಹಾಕುವ ಕೋಣೆಯಲ್ಲಿ ಮಕ್ಕಳೆಲ್ಲ ಒಳಗಿನ ಚಪ್ಪಲಿ ಬಿಚ್ಚಿ ಬೂಟು ಏರಿಸುವ ತರಾತುರಿ. ಒದ್ದೆ ಉಣ್ಣೆಯ, ಕಾಲುಚೀಲದ ವಾಸನೆ. ಕೋಟುಗಳಿಂದ ಜೋತಾಡುವ ಪುಟ್ಟ ಹೊಳಪುಬಿಲ್ಲೆಗಳು, ಕತ್ತಲಲ್ಲಿ ಕಾರಿನವರಿಗೆ ಕಾಣಲೆಂದು ಇಲ್ಲಿ ಎಲ್ಲರೂ ಕಟ್ಟಿಕೊಳ್ಳುವಂಥವು, ದೀಪಕ್ಕೆ ಮಿಣಮಿಣ ಅನ್ನುತ್ತಿದ್ದವು. ಗುಂಪು ಕರಗುವವರೆಗೆ ಅವಳು ಗೋಡೆಗೆ ಒರಗಿ, ಸೂಚನಾಫಲಕ ಓದುವವಳಂತೆ ನಿಂತಳು. ಮಿರ್ತೆಲ್ ಕೊನೆಯಲ್ಲಿ ಬಂದಳು. ತಗ್ಗು ಬೆಂಚಿನ ಮೇಲೆ ಕೂತು ಒಂದು ಬೂಟು ಹಾಕಿಕೊಂಡಳು. ಕಣ್ಣು ಕೆಂಪಗಿತ್ತು.

"ಮಿರ್ತೆಲ್, ಒಂದ್ನಿಮಿಷ."

"ಹೇಳಿ ಟೀಚರ್."

"ಬೆಳಿಗ್ಗೆ ನಾನು ಬರೆದದ್ದು..." ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡಳು. "ಅದು ಸುಳ್ಳು. ನೀನು ಅಣಕಿಸ್ಲಿಲ್ಲ. ನೀನು ಸಹಾಯ ಮಾಡೋಕೆ ಬಂದೆ. ನನಗೆ ಅವಮಾನ ಆಯ್ತು, ಅದನ್ನ ನಿನ್ನ ಮೇಲೆ ತೀರಿಸ್ಕೊಂಡೆ. ಕ್ಷಮಿಸು." ಬಂತು ಮಾತು, ಅಂತೂ ಬಂತು, ಬಂದದ್ದೇ ತಡ ಎದೆ ಹಗುರವಾಗತೊಡಗಿತು, ಉಳಿದದ್ದು ತಾನಾಗಿ ಹರಿಯಿತು. "ನಿಮ್ಮಮ್ಮನಿಗೆ ಈಗ್ಲೇ ಹೇಳ್ತೀನಿ, ತಪ್ಪು ನಂದೇ ಅಂತ. ಷರಾನೂ ಅಳಿಸಿಬಿಡ್ತೀನಿ. ನಿನ್ನನ್ನ ಯಾರೂ ಎಲ್ಲಿಗೂ ಕಳಿಸಲ್ಲ."

ಹುಡುಗಿಯ ಮುಖ ಅರಳಲಿಲ್ಲ. ಬಿಳಿಚಿಕೊಂಡಿತು.

"ಹೇಳಿಬಿಟ್ರಾ?"

"ಇಲ್ಲ, ಫೋನು ಸಿಗ್ಲಿಲ್ಲ. ಈಗ ಮಾಡ್ತೀನಿ."

"ಬೇಡ ಟೀಚರ್. ಮಾಡ್ಬೇಡಿ." ಎದ್ದೇಬಿಟ್ಟಳು, ಒಂದು ಕಾಲಲ್ಲಿ ಬೂಟು, ಇನ್ನೊಂದರಲ್ಲಿ ಬರೀ ಕಾಲುಚೀಲ. "ಅಳಿಸ್ಬೇಡಿ. ಪ್ಲೀಸ್."

"ಯಾಕೆ?"

"ಅಮ್ಮ ಫೋನ್ ಮಾಡಿದ್ಲು." ಅದೊಂದೇ ಮಾತಿನಲ್ಲಿ ಎಲ್ಲ ಹೇಳಿಯಾಯಿತೆಂಬಂತೆ ನಿಂತಳು. ಆಮೇಲೆ ಮಾತಿನ ಮೇಲೆ ಮಾತು ಬಂದವು. "ಕೆಲಸದ ಮಧ್ಯೆ ಮಾಡಿದ್ಲು. ಅವಳು ಕೆಲಸದ ಮಧ್ಯೆ ಯಾವತ್ತೂ ಮಾಡಲ್ಲ. ಊಟದ ಬಿಡುವು ಪೂರ್ತಿ ಮಾತಾಡಿದ್ಲು."

"ಬೈದ್ರಾ?"

"ಹೂಂ, ಸಖತ್ ಬೈದ್ಲು." ಅದನ್ನು ಹೇಳುವಾಗ ಅವಳ ಮುಖದಲ್ಲಿ ಬಂದ ಬೆಳಕನ್ನು ಮಾಯ್ರೆ ಯಾವ ಪರೀಕ್ಷೆಯ ಅಂಕ ಓದುವಾಗಲೂ ಕಂಡಿರಲಿಲ್ಲ. "ಬೈದು ಮುಗಿದ ಮೇಲೆ ಅವಳೇ ಅತ್ತುಬಿಟ್ಲು. ನಾನೂ ಅತ್ತೆ. ಆಮೇಲೆ ಕ್ಲಾಸಲ್ಲಿ ಯಾರ ಪಕ್ಕ ಕೂತ್ಕೋತೀಯ ಅಂದ್ಲು. ಕೋಟಿನ ತೋಳು ಗಿಡ್ಡ ಆಗಿದೆಯಾ ಅಂದ್ಲು. ಶುಕ್ರವಾರದ ಹಡಗಿಗೆ ಬರ್ತಾಳಂತೆ, ನಿಮ್ಮ ಹತ್ರ ಮಾತಾಡೋಕೆ. ಷರಾ ಸುಳ್ಳು ಅಂದ್ರೆ ಬರಲ್ಲ ಅಲ್ವಾ ಅವಳು?"

"ನೀನು ಇಷ್ಟು ಚೆನ್ನಾಗಿ ಓದ್ತೀಯ. ಪ್ರತಿ ಪರೀಕ್ಷೆಗೂ ಐದಕ್ಕೆ ಐದು. ಅದನ್ನ ನೋಡಿ ಮಾತಾಡಲ್ವಾ ಅವರು?"

"ಐದು ಬಂದ್ರೆ ಹೆಬ್ಬೆರಳು ಕಳಿಸ್ತಾಳೆ," ಅಂದಳು ಮಿರ್ತೆಲ್. ತನ್ನ ಹೆಬ್ಬೆರಳೆತ್ತಿ ತೋರಿಸಿದಳು. "ಹೋದ ತಿಂಗಳೆಲ್ಲಾ ಬರೀ ಹೆಬ್ಬೆರಳೇ."

ಮಾಯ್ರೆ ಬೆಳಿಗ್ಗೆಯಿಂದ ಹೊತ್ತು ತಿರುಗಿದ ಅಪರಾಧವನ್ನು ಒಪ್ಪಿಸಿಕೊಳ್ಳುವವರೇ ಇಲ್ಲವಾಗಿ, ಅದನ್ನು ಎಲ್ಲಿ ಇಳಿಸಬೇಕೋ ತಿಳಿಯದೆ ನಿಂತಳು. "ಆದ್ರೆ ನಿನ್ನನ್ನ ಅಲ್ಲಿಗೆ ಕರ್ಕೊಂಡು ಹೋಗಿಬಿಟ್ರೆ? ಒಂದು ದೂರು ಬಂದ್ರೂ ಸಾಕು ಅಂದಿದ್ರು."

"ಇಲ್ಲ ಟೀಚರ್." ಹುಡುಗಿ ಕಾಲುಚೀಲದ ಕಾಲನ್ನು ಇನ್ನೊಂದರ ಮೇಲೆ ಇಟ್ಟುಕೊಂಡಳು; ನೆಲ ತಣ್ಣಗಿತ್ತು. "ಅದು ಸುಮ್ನೆ ಹೇಳೋದು ಅವಳು. ಎರಡು ವರ್ಷದಿಂದ ಹೇಳ್ತಿದಾಳೆ. ಅಲ್ಲಿ ಅವಳಿರೋದು ಒಂದೇ ರೂಮು, ಇನ್ನೊಬ್ಬರ ಜೊತೆ. ಕರ್ಕೊಂಡು ಹೋಗಲ್ಲ."

ಅಳುಬುರುಕತನವಿಲ್ಲದೆ, ಹವಾಮಾನ ಹೇಳುವಷ್ಟು ಸಲೀಸಾಗಿ ಹೇಳಿದಳು. ಅಂದರೆ ಇಡೀ ದಿನ ತಾನು ಹೆದರಿದ್ದು ಯಾವುದಕ್ಕೋ ಅದನ್ನೇ ಈ ಹುಡುಗಿ ಎರಡು ವರ್ಷದಿಂದ ಕಾದು, ಆಸೆಪಟ್ಟು, ಆಸೆ ಬಿಟ್ಟಿದ್ದಾಳೆ ಎಂದು ಮಾಯ್ರೆಗೆ ಆಗ ತಿಳಿಯಿತು. ಅವಳ ಪಕ್ಕ ಕೂರಬೇಕು, ಆ ತಣ್ಣನೆಯ ಪಾದವನ್ನು ಹಿಡಿದುಕೊಳ್ಳಬೇಕು ಅನ್ನಿಸಿತು. ಕೈ ಮುಂದೆ ಹೋಗಲಿಲ್ಲ. ಅಷ್ಟರಲ್ಲಿ ಮಾಯ್ರೆಯ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಪರದೆಯ ಮೇಲೆ ಯಾನಿಕಾ ಎಂದಿತ್ತು. ಮಿರ್ತೆಲ್ ಅದನ್ನು ನೋಡಿದಳು.

"ನೀವು ಫೋನ್ ಮಾಡಿದ್ರಿ ಟೀಚರ್, ಎರಡು ಸಲ. ನಾನು ಮಿರ್ತೆಲ್ ಅಮ್ಮ." ಅವಳ ಹಿಂದೆ ತಳ್ಳುಗಾಡಿಯ ಚಕ್ರದ ಸದ್ದು, ಯಾರೋ ನರಳುತ್ತಾ ಕರೆಯುತ್ತಿದ್ದರು. "ಡೈರಿ ನೋಡಿದೆ. ಮಧ್ಯಾಹ್ನ ಸಿಟ್ಟಲ್ಲಿ ಶುಕ್ರವಾರ ಬರ್ತೀನಿ ಅಂತ ಅವಳಿಗೆ ಹೇಳಿಬಿಟ್ಟೆ. ಆದ್ರೆ ಇಲ್ಲಿ ಪಾಳಿ ಬದಲಾಯಿಸ್ಕೊಳ್ಳೋಕೆ ಯಾರೂ ಒಪ್ತಿಲ್ಲ, ನನ್ನ ಮೇಲಿನವರು ಮುಖ ಗಂಟು ಹಾಕ್ಕೊಂಡಿದಾರೆ. ಅಷ್ಟೇನೂ ದೊಡ್ಡ ವಿಷಯ ಅಲ್ಲ ಅಂದ್ರೆ ಫೋನಲ್ಲೇ ಹೇಳಿ, ನಾನೇ ಅವಳಿಗೆ ಬುದ್ಧಿ ಹೇಳ್ತೀನಿ."

ಇಡೀ ದಿನ ಕಲಿತು ಒಪ್ಪಮಾಡಿದ್ದ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ನಿಮ್ಮ ಮಗಳು ಏನೂ ಮಾಡಲಿಲ್ಲ. ಅಷ್ಟನ್ನು ಅಂದುಬಿಟ್ಟರೆ ಈ ರಾತ್ರಿ ನಿದ್ದೆ ಬರುತ್ತದೆ, ಕನ್ನಡಿಯಲ್ಲಿ ಮುಖ ನೋಡಿಕೊಳ್ಳಬಹುದು, ಆ ಹೆಂಗಸಿನ ಕೆಲಸಕ್ಕೂ ತೊಂದರೆಯಿಲ್ಲ. ಸತ್ಯ ಹೇಳಿದರೆ ಎಲ್ಲರಿಗೂ ಅನುಕೂಲ. ಮಿರ್ತೆಲ್ ಒಬ್ಬಳನ್ನು ಬಿಟ್ಟು. ಹುಡುಗಿ ಉಸಿರು ಬಿಗಿಹಿಡಿದು ಅವಳ ಬಾಯನ್ನೇ ನೋಡುತ್ತಿದ್ದಳು.

"ಫೋನಲ್ಲಿ ಹೇಳೋ ಅಂಥದ್ದಲ್ಲ," ಅಂದಳು ಮಾಯ್ರೆ. "ನೀವೇ ಬರ್ಬೇಕು."

ಅತ್ತ ಕಡೆ ತಳ್ಳುಗಾಡಿ ನಿಂತಿತು. ಮತ್ತೆ ಬಂದ ದನಿಯಲ್ಲಿ ಈಗ ಸುಸ್ತಿರಲಿಲ್ಲ, ಅದು ಸೆಟೆದು ನಿಂತಿತ್ತು. "ನನ್ನ ಮಗಳು ಅಂಥೋಳಲ್ಲ ಟೀಚರ್. ಬೇಜಾರ್ ಮಾಡ್ಕೋಬೇಡಿ, ಆದ್ರೂ ಹೇಳ್ತೀನಿ. ಅಜ್ಜಿ ಕೈಲಿ ಬೆಳೆದೋಳು ಅವಳು, ವಯಸ್ಸಾದೋರನ್ನ ಆಡ್ಕೊಳ್ಳೋಳಲ್ಲ. ನನಗೆ ಗೊತ್ತು ಅವಳು. ನೀವೇ ಹೇಳಿ, ನಿಜವಾಗ್ಲೂ ಅವಳು ನಿಮ್ಮನ್ನ ಅಣಕಿಸಿದ್ಲಾ?"

ಫೋನಿನ ದನಿ ಹೊರಗೂ ಕೇಳುತ್ತಿತ್ತು. ಮಿರ್ತೆಲ್ ಜೋರುಜೋರಾಗಿ ತಲೆಯಾಡಿಸಿದಳು: ಹೌದು ಅನ್ನಿ, ಹೌದು ಅನ್ನಿ.

"ಅಣಕಿಸಿದ್ಲು," ಅಂದಳು ಮಾಯ್ರೆ. "ಎಲ್ಲರ ಎದುರಿಗೆ."

ಉಸಿರೆಳೆದುಕೊಂಡ ಸದ್ದು ಕೇಳಿತು. ಆ ತಾಯಿಯಲ್ಲಿ ಏನೋ ಮುರಿದುಬಿದ್ದದ್ದು ಇಷ್ಟು ದೂರದಿಂದಲೂ ಗೊತ್ತಾಯಿತು. "ಆಯ್ತು," ಅಂದಳು. "ಶುಕ್ರವಾರ ಬರ್ತೀನಿ. ಏನಾದ್ರೂ ಮಾಡಿ ಬರ್ತೀನಿ." ಫೋನು ಕಡಿದುಹೋಯಿತು.

ಮಿರ್ತೆಲ್ ಇನ್ನೊಂದು ಬೂಟು ಹಾಕಿಕೊಂಡಳು. ಕೋಟು, ಟೋಪಿ, ಕೈಗವಸು, ಒಂದೊಂದನ್ನೂ ಅವಸರವಿಲ್ಲದೆ, ಅಚ್ಚುಕಟ್ಟಾಗಿ. ತೋಳು ನಿಜವಾಗಿಯೂ ಗಿಡ್ಡವಾಗಿತ್ತು, ಮಣಿಕಟ್ಟು ಹೊರಗೆ ಕಾಣುತ್ತಿತ್ತು. ಚೀಲ ಹೆಗಲಿಗೇರಿಸಿ ಬಾಗಿಲವರೆಗೆ ಹೋದವಳು ಅಲ್ಲಿ ನಿಂತು ತಿರುಗಿದಳು.

"ಟೀಚರ್, ಶುಕ್ರವಾರ ಬೇಗ ಮುಗಿಸಿಬಿಡಬೇಡಿ. ಅವಳು ಭಾನುವಾರದ ಹಡಗಿಗೆ ಹೋಗ್ಲಿ. ಮಿರ್ತೆಲ್ ಇನ್ನೂ ಏನೇನೋ ಮಾಡ್ತಾಳೆ ಅಂತ ಹೇಳಿ."

"ಏನು ಮಾಡ್ತೀಯ ಅಂತ ಹೇಳ್ಲಿ?"

ಹುಡುಗಿ ಯೋಚಿಸಿದಳು. ಅವಳಿಗೆ ಏನೂ ಹೊಳೆಯಲಿಲ್ಲ. "ನೀವೇ ಏನಾದ್ರೂ ಹೇಳಿ ಟೀಚರ್," ಎಂದು ಬಾಗಿಲು ತಳ್ಳಿಕೊಂಡು ಓಡಿದಳು.